ಬಿರುಕು ಬಿಟ್ಟ ಗೋಡೆಗೆ ವಾರಸುದಾರರು ಯಾರು?

2021ರ ಅಕ್ಟೋಬರ್ 6ರ ಸಂಜೆ ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿ ಗ್ರಾಮದಲ್ಲಿ ಎಡೆಬಿಡದ ಮಳೆಗೆ ನೆನೆದಿದ್ದ ಮನೆಯ ಗೋಡೆ ಕುಸಿದು ಏಳು ಮಂದಿ ಪ್ರಾಣ ಕಳೆದುಕೊಂಡರು. ಮಕ್ಕಳೂ ಅವರಲ್ಲಿದ್ದರು. ಮುಖ್ಯಮಂತ್ರಿಗಳು ಪರಿಹಾರ ಘೋಷಿಸಿದರು, ಜನಪ್ರತಿನಿಧಿಗಳು ಬಂದು ಹೋದರು, ಪತ್ರಿಕೆಗಳು ಒಂದೆರಡು ದಿನ ಬರೆದವು. ಬೈಲಹೊಂಗಲಕ್ಕಾಗಲಿ ಕಿತ್ತೂರಿಗಾಗಲಿ ಆ ಊರು ಬಹಳ ದೂರದ್ದಲ್ಲ. ಆದರೂ ಆ ಮಳೆಗಾಲ ಮುಗಿದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಓಣಿಗಳಲ್ಲಿ ಎಷ್ಟು ಮಂದಿ ತಮ್ಮ ಮನೆಯ ಗೋಡೆಯನ್ನು ಬುಡದಿಂದ ತುದಿಯವರೆಗೆ ಕಣ್ಣಿಟ್ಟು ನೋಡಿದರು? 'ಅವರ ಆಯುಷ್ಯ ಅಷ್ಟೇ ಇತ್ತು' ಎಂಬ ಒಂದು ಮಾತಿನಲ್ಲಿ ನಾವು ಆ ಏಳು ಸಾವುಗಳ ಲೆಕ್ಕ ಮುಗಿಸಿಬಿಟ್ಟೆವು.

ಆಯುಷ್ಯವನ್ನು ನಿರ್ಣಯಿಸುವವನು ಅಲ್ಲಾಹನೇ. ಅದರಲ್ಲಿ ವಿವಾದವಿಲ್ಲ. ಆದರೆ ಗೋಡೆ ಸಿಡಿಲಿನಂತೆ ಬರುವುದಿಲ್ಲ. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೊದಲೇ ತಿಳಿಸುತ್ತದೆ. ಬುಡದಲ್ಲಿ ಮಣ್ಣು ಉದುರುತ್ತದೆ, ನಡುವೆ ಹೊಟ್ಟೆ ಬಿಡುತ್ತದೆ, ಮೂಲೆಯಲ್ಲಿ ಬಿರುಕು ಕಾಣಿಸಿ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ, ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ತಾಗುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ಬಿದ್ದ ಗೋಡೆಯ ಹೊಣೆಯನ್ನು ವಿಧಿಯ ಮೇಲೆ ಹೊರಿಸುವುದು ಈಮಾನಿನ ಲಕ್ಷಣವೋ ಆಲಸ್ಯದ ಲಕ್ಷಣವೋ ಎಂಬುದನ್ನು ನಾವು ಯೋಚಿಸಬೇಕಾಗಿದೆ.

2019ರ ಆಗಸ್ಟ್ ತಿಂಗಳನ್ನು ಮಲಪ್ರಭೆಯ ದಂಡೆಯ ಜನ ಮರೆಯಲಾರರು. ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಹೊರಬಿಟ್ಟಾಗ ಮುನವಳ್ಳಿಯ ಹಾಗೂ ರಾಮದುರ್ಗದ ಬಡಾವಣೆಗಳಿಗೆ ಹೊಳೆ ನುಗ್ಗಿತು. ಜನ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಆದರೆ ನೆರೆಯ ಅಪಾಯ ನೀರು ಇಳಿದ ದಿನಕ್ಕೆ ಮುಗಿಯುವುದಿಲ್ಲ. ಕಚ್ಚಾ ಇಟ್ಟಿಗೆಯ ಅಥವಾ ಕಲ್ಲು-ಮಣ್ಣಿನ ಗೋಡೆ ನೀರಲ್ಲಿ ನಿಂತಷ್ಟು ಹೊತ್ತು ಒಳಗೊಳಗೇ ಮೆತ್ತಗಾಗುತ್ತದೆ, ನೀರು ಸರಿದು ಬಿಸಿಲು ಬಿದ್ದಾಗ ಒಂದು ಬದಿ ಮೊದಲು ಒಣಗಿ ಕುಗ್ಗುತ್ತದೆ, ಇನ್ನೊಂದು ಬದಿ ಹಸಿಯಾಗಿಯೇ ಉಳಿಯುತ್ತದೆ. ಕುಟುಂಬವು ಪಾತ್ರೆ-ಹಾಸಿಗೆ ಒಣಹಾಕಲು ಮನೆಗೆ ಮರಳುವ ಹೊತ್ತೂ ಅದೇ. ನೆನೆದ ಮನೆಯೊಳಗೆ ಮೊದಲು ಕಾಲಿಡುವವರು ಸಾಮಾನ್ಯವಾಗಿ ಮನೆಯ ಹೆಂಗಸರು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ನಮ್ಮ ಭಾಗದ ಮಾಳಿಗೆ ಮನೆಯನ್ನು ನಾನು ಹೀಗಳೆಯಲಾರೆ. ಎರಡು-ಮೂರು ಅಡಿ ದಪ್ಪದ ಗೋಡೆ, ಕಂಬ, ತೊಲೆ, ಅಡ್ಡಲಾಗಿ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಏಪ್ರಿಲ್-ಮೇ ತಿಂಗಳ ಸವದತ್ತಿಯ ಬಿಸಿಲಲ್ಲಿ ಈ ಮನೆಯ ಪಡಸಾಲೆ ತಂಪಾಗಿರುತ್ತದೆ. ಇಂದಿನ ಸಿಮೆಂಟ್ ಪೆಟ್ಟಿಗೆಗಳಲ್ಲಿ ಫ್ಯಾನಿನ ಕೆಳಗೂ ಬೆವರು ಆರುವುದಿಲ್ಲ. ಆದರೆ ಈ ಮನೆಗೆ ಒಂದು ಶರತ್ತಿದೆ. ಪ್ರತಿವರ್ಷ ಅದರ ಆರೈಕೆ ಆಗಬೇಕು. ಹಿಂದೆ ಹಿರಿಯರು 'ಮಿರಗ' ಕೂಡುವ ಮೊದಲೇ ಮಾಳಿಗೆ ಏರಿ ಹುಲ್ಲು ಕಿತ್ತು, ಸವಳು ಮಣ್ಣು ಹಾಕಿ, ತುಳಿದು ಗಟ್ಟಿಮಾಡಿ, ನೀರು ಹರಿದುಹೋಗುವ ದೋಣಿಯನ್ನು ಸ್ವಚ್ಛ ಮಾಡುತ್ತಿದ್ದರು. ಆ ಕೆಲಸ ತಿಳಿದವರು ಇಂದು ವಿರಳ. ತಿಳಿದವರನ್ನು ಕರೆಯುವವರು ಇನ್ನೂ ವಿರಳ.

ಕರೆದರೂ ಆಗುವುದೇನು? ಹಳೆಯ ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಸುರಿಯುತ್ತಾರೆ. ಹತ್ತಾರು ವರ್ಷಗಳಲ್ಲಿ ಮಾಳಿಗೆಯ ಭಾರ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಅದನ್ನು ಹೊತ್ತ ತೊಲೆ ಮಾತ್ರ ಅಜ್ಜನ ಕಾಲದ್ದು, ಗೋಡೆಯೊಳಗೆ ಹುದುಗಿದ ಅದರ ತುದಿಯನ್ನು ಗೆದ್ದಲು ಯಾವಾಗಲೋ ತಿಂದಿರುತ್ತದೆ. ಹೊರಗೆ ಕಾಣುವ ಭಾಗ ಗಟ್ಟಿಯಾಗಿಯೇ ಇರುತ್ತದೆ. ಆದ್ದರಿಂದ ತೊಲೆಯ ನಡುವಿಗೆ ಬಡಿದು ನೋಡಿ ಸಮಾಧಾನಪಡುವುದರಲ್ಲಿ ಅರ್ಥವಿಲ್ಲ, ಗೋಡೆಗೆ ಸೇರುವ ಕಡೆ ಚೂಪಾದ ಮೊಳೆಯನ್ನು ಒತ್ತಿ ನೋಡಬೇಕು. ಮೊಳೆ ಸುಲಭವಾಗಿ ಒಳಹೊಕ್ಕರೆ ಆ ಕೋಣೆಯಲ್ಲಿ ಅಂದು ರಾತ್ರಿ ಯಾರೂ ಮಲಗಬಾರದು. ಬಡಗಿ ಬರುವವರೆಗೆ ಆ ತುದಿಗೆ ಕೆಳಗಿನಿಂದ ಒಂದು ಗಟ್ಟಿ ಕಂಬ ಕೊಡಬೇಕು.

ಮತ್ತೊಂದು ಹೊಸ ರೋಗವೆಂದರೆ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು. ಮಗಳ ಮದುವೆ ಗೊತ್ತಾದ ಕೂಡಲೇ ಮುಂಭಾಗಕ್ಕೆ ಸಿಮೆಂಟ್ ಮೆತ್ತಿ, ಬಣ್ಣ ಬಳಿದು, ಬುಡಕ್ಕೆ ಟೈಲ್ಸ್ ಅಂಟಿಸುತ್ತೇವೆ. ಬೀಗರ ಕಣ್ಣಿಗೆ ಮನೆ ಪಕ್ಕಾ ಆಗುತ್ತದೆ. ಮಣ್ಣಿನ ಗೋಡೆ ಹೀರಿದ ತೇವವನ್ನು ತಾನೇ ಹೊರಗೆ ಬಿಡುತ್ತದೆ, ಅದು ಉಸಿರಾಡುವ ಗೋಡೆ. ಸಿಮೆಂಟ್ ಆ ಉಸಿರನ್ನು ಕಟ್ಟುತ್ತದೆ. ನೆಲದಿಂದ ಏರಿದ ತೇವ, ಮಾಳಿಗೆಯಿಂದ ಇಳಿದ ನೀರು ಒಳಗೇ ಉಳಿದು ಗೋಡೆ ಕೊಳೆಯುತ್ತದೆ. ಹೊರಗಿನ ಸಿಮೆಂಟ್ ಚಿಪ್ಪು ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಗೋಡೆ ಕೊಡುವ ಎಚ್ಚರಿಕೆಯ ಬಾಯಿಗೇ ನಾವು ಸಿಮೆಂಟ್ ತುಂಬಿದಂತಾಯಿತು. ಸುಣ್ಣ ಬೆರೆಸಿದ ಮಣ್ಣಿನ ಗಿಲಾವು ಕಣ್ಣಿಗೆ ಅಷ್ಟು ಚೆಂದ ಕಾಣದಿರಬಹುದು, ಆದರೆ ಆ ಗೋಡೆಗೆ ಹೊಂದುವುದು ಅದೇ.

ಪೂರ್ತಿ ಹೊಸ ಮನೆ ಕಟ್ಟುವವರಿಗೂ ನಿಶ್ಚಿಂತೆಯಿಲ್ಲ. ಬೈಲಹೊಂಗಲ, ಸವದತ್ತಿ ಭಾಗದ ಎರೆಮಣ್ಣು ಹತ್ತಿಗೆ, ಜೋಳಕ್ಕೆ ಒಳ್ಳೆಯದು, ಮನೆಯ ಬುನಾದಿಗೆ ಕೆಟ್ಟದ್ದು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಎರಡಡಿ ಅಗೆದು ಕಲ್ಲು ಹಾಕಿ ಕಟ್ಟಿದ ಮನೆಗೆ ಮೂರೇ ವರ್ಷದಲ್ಲಿ ಓರೆ ಬಿರುಕು ಬರುವುದು ಇದರಿಂದ. ಎರೆಯನ್ನು ಪೂರ್ತಿ ತೆಗೆದು ಗಟ್ಟಿ ನೆಲದವರೆಗೆ ಇಳಿಯುವುದು, ಸುತ್ತ ಗರಸು ತುಂಬುವುದು, ಬುನಾದಿಯ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕೊಡುವುದು, ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಮಾಡುವುದು. ಇವಿಷ್ಟಕ್ಕೆ ತಗಲುವ ಹಣವನ್ನು ನಾವು ಉಳಿಸಿ ಬಾಗಿಲ ಮೇಲಿನ ಕಮಾನಿಗೆ ಸುರಿಯುತ್ತೇವೆ.

ಈಗ ಮೂಲ ಪ್ರಶ್ನೆಗೆ ಬರೋಣ. ಗೋಡೆ ಹೊಟ್ಟೆ ಬಿಟ್ಟಿದೆ ಎಂದು ಮನೆಯವರಿಗೆಲ್ಲ ಗೊತ್ತಿದ್ದೂ ಯಾಕೆ ರಿಪೇರಿ ಆಗುವುದಿಲ್ಲ? 'ಬಡತನ' ಎಂಬ ಉತ್ತರ ಅರ್ಧ ಸತ್ಯ. ಉಳಿದರ್ಧವನ್ನು ನಾವು ಬಹಿರಂಗವಾಗಿ ಆಡುವುದಿಲ್ಲ. ಆ ಮನೆಗೆ ಯಜಮಾನರಿಲ್ಲ, ವಾರಸುದಾರರಿದ್ದಾರೆ.

ನಮ್ಮ ಪಟ್ಟಣಗಳ ಹಳೆಯ ಮೊಹಲ್ಲಾಗಳಲ್ಲಿ ಉತಾರ ತೆಗೆಸಿ ನೋಡಿದರೆ ಅನೇಕ ಮನೆಗಳು ಇಂದಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತವೆ. ಅಜ್ಜನಿಗೆ ನಾಲ್ಕು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು. ಒಬ್ಬ ಗೋವಾದಲ್ಲಿ, ಒಬ್ಬ ಪುಣೆಯಲ್ಲಿ, ಇಬ್ಬರು ಇಲ್ಲೇ ಒಂದೊಂದು ಕೋಣೆಯಲ್ಲಿ. ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ. ವಾಟ್ನಿ ಆಗಿಲ್ಲ, ವರ್ದಿ ಆಗಿಲ್ಲ. ನಡುವಿನ ಗೋಡೆ ಎಲ್ಲರದೂ ಹೌದು, ಯಾರದೂ ಅಲ್ಲ. ಮನೆಯಲ್ಲಿರುವ ತಮ್ಮ 'ನಾನು ಹಣ ಹಾಕಿದರೆ ನಾಳೆ ವಾಟ್ನಿಯಲ್ಲಿ ಅದನ್ನು ಯಾರು ಹಿಡಿಯುತ್ತಾರೆ?' ಎಂದು ಕೈಕಟ್ಟಿ ಕೂರುತ್ತಾನೆ. ಊರ ಹೊರಗಿರುವ ಅಣ್ಣ 'ರಿಪೇರಿ ಮಾಡಿಸಿದರೆ ಮನೆ ತನ್ನದೇ ಅನ್ನುತ್ತಾನೆ' ಎಂದು ಶಂಕಿಸಿ ಬೇಡವೆನ್ನುತ್ತಾನೆ. ಅಕ್ಕತಂಗಿಯರ ಹಕ್ಕಿನ ಮಾತೆತ್ತಿದರಂತೂ ತವರಿನ ಬಾಗಿಲೇ ಮುಚ್ಚುತ್ತದೆ. ಇಷ್ಟರ ನಡುವೆ ಆ ಗೋಡೆಗೆ ತಲೆಯಿಟ್ಟು ಮಲಗುವವರು ವಯಸ್ಸಾದ ತಾಯಿ, ಸೊಸೆ ಹಾಗೂ ಮೊಮ್ಮಕ್ಕಳು. ಮನೆಯ ವಿಷಯದಲ್ಲಿ ಅವರ ಮಾತನ್ನು ಕೇಳಿದವರಾರು?

ಅಜ್ಜ ತೀರಿದ ಮೇಲೆ ಆಸ್ತಿಯ ವಿಲೇವಾರಿಯನ್ನು ಅಲ್ಲಾಹನು ಮಕ್ಕಳ ಮರ್ಜಿಗೆ ಬಿಟ್ಟಿಲ್ಲ. ಸೂರಃ ಅನ್ನಿಸಾದಲ್ಲಿ ಗಂಡಸರಿಗೂ ಹೆಂಗಸರಿಗೂ, ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ, ಪಾಲು ನಿಗದಿಯಾಗಿದೆ. ಜನಾಝದ ನಮಾಝ್ ತಡವಾಗಬಾರದೆಂದು ಅವಸರಪಡುವ ನಾವು ವಾರಸಿನ ಹಂಚಿಕೆಯನ್ನು ಎರಡು ತಲೆಮಾರು ಮುಂದೂಡುತ್ತೇವೆ. ಇದನ್ನು ನಾವು ಹೆಣ್ಣುಮಕ್ಕಳ ಹಕ್ಕಿನ ಪ್ರಶ್ನೆಯಾಗಿ ಆಗಾಗ ಚರ್ಚಿಸಿದ್ದೇವೆ, ಚರ್ಚಿಸಲೇಬೇಕು. ಆದರೆ ಇದು ಪ್ರಾಣದ ಪ್ರಶ್ನೆಯೂ ಹೌದು. ಹಂಚದೆ ಉಳಿದ ಮನೆ ರಿಪೇರಿಯಾಗದೆ ಉಳಿಯುತ್ತದೆ, ರಿಪೇರಿಯಾಗದ ಮನೆ ಒಂದು ದಿನ ಬೀಳುತ್ತದೆ.

ಬಿದ್ದ ಮೇಲೂ ತೊಂದರೆ ತಪ್ಪುವುದಿಲ್ಲ. 2019ರ ನೆರೆಯ ನಂತರ ರಾಜ್ಯ ಸರ್ಕಾರ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ ಸಿ ವರ್ಗಕ್ಕೆ 50 ಸಾವಿರ ರೂಪಾಯಿ ನಿಗದಿಪಡಿಸಿತು. ಹಣ ಬಂದದ್ದು ಕಂತುಗಳಲ್ಲಿ, ಬುನಾದಿ ಆದ ಮೇಲೊಂದು, ಗೋಡೆ ಎದ್ದ ಮೇಲೊಂದು ಎಂಬಂತೆ. ಇಂತಹ ಪರಿಹಾರಕ್ಕೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆ 'ಮನೆ ಯಾರ ಹೆಸರಿನಲ್ಲಿದೆ?' ಎಂಬುದು. ಮೃತನ ಹೆಸರಿನ ಉತಾರ ಹಿಡಿದು ನಿಂತ ಏಳು ವಾರಸುದಾರರಲ್ಲಿ ಯಾರ ಬ್ಯಾಂಕ್ ಖಾತೆಗೆ ಕಂತು ಹೋಗಬೇಕು? ಎಲ್ಲರ ಒಪ್ಪಿಗೆ ಪತ್ರ ತರುವಷ್ಟರಲ್ಲಿ ಪಟ್ಟಿ ಮುಚ್ಚಿರುತ್ತದೆ. ಜೀವಂತ ಇರುವಾಗ ಕೂಡಿ ಕೂರದ ಅಣ್ಣತಮ್ಮಂದಿರು ಅವಶೇಷಗಳ ಮುಂದೆ ಕೂಡಿ ನಿಲ್ಲುತ್ತಾರೆಂದು ನಿರೀಕ್ಷಿಸುವುದು ಹೇಗೆ?

ಮದ್ರಸಾಗಳಲ್ಲಿ ಫಿಕ್‌ಹ್ ಓದಿದವರಿಗೆ 'ಹಿದಾಯಾ' ಗ್ರಂಥದ ಪರಿಚಯ ಇದ್ದೇ ಇರುತ್ತದೆ. ಹನ್ನೆರಡನೇ ಶತಮಾನದಲ್ಲಿ ಬುರ್ಹಾನುದ್ದೀನ್ ಮರ್ಗೀನಾನಿಯವರು ಬರೆದ ಹನಫೀ ಧರ್ಮಶಾಸ್ತ್ರದ ಈ ಕೃತಿಯ ದಿಯತ್ (ಪ್ರಾಣಹಾನಿಯ ಪರಿಹಾರ) ಅಧ್ಯಾಯದಲ್ಲಿ 'ವಾಲಿದ ಗೋಡೆ'ಗೆಂದೇ ಒಂದು ಭಾಗವಿದೆ. ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮುಂದೆ ಹೋಗುವ ಭಾಗ ಇದು. ಮಿಂಬರ್‌ನಿಂದ ಇದನ್ನು ವಿವರಿಸುವುದು ಅಪರೂಪ. ಅದರ ಸಾರ ಹೀಗಿದೆ: ಒಬ್ಬನ ಗೋಡೆ ದಾರಿಯ ಕಡೆಗೆ ವಾಲಿದೆ. ಅದನ್ನು ತೆಗೆಯುವಂತೆ ಅವನಿಗೆ ತಿಳಿಸಲಾಗಿದೆ. ತೆಗೆಯುವುದಕ್ಕೆ ಸಾಕಷ್ಟು ಸಮಯವೂ ಇತ್ತು. ಅವನು ತೆಗೆಯಲಿಲ್ಲ. ಗೋಡೆ ಬಿದ್ದು ಯಾರಾದರೂ ಸತ್ತರೆ, ಯಾರದಾದರೂ ವಸ್ತು ಹಾಳಾದರೆ ಅದರ ಹೊಣೆ ಉಂಟು. ತಿಳಿಸುವವನು ಮುಸ್ಲಿಮನೇ ಆಗಬೇಕೆಂದಿಲ್ಲ, ಮುಸ್ಲಿಮೇತರನೂ ತಿಳಿಸಬಹುದು, ಏಕೆಂದರೆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಸಮ. ಬಾಡಿಗೆಗೆ ಇರುವವನಿಗೆ ತಿಳಿಸಿದರೆ ಸಾಲದು, ಗೋಡೆ ಕೆಡವುವ ಅಧಿಕಾರ ಅವನಿಗಿಲ್ಲ. ಮಾಲಕನಿಗೇ ತಿಳಿಸಬೇಕು.

ಇನ್ನು ಗೋಡೆಗೆ ಹಲವು ಮಂದಿ ಮಾಲಕರಿದ್ದರೆ? ಶಾಸ್ತ್ರಜ್ಞರು ಅದನ್ನೂ ಬಿಟ್ಟಿಲ್ಲ. ಐವರ ಗೋಡೆಯ ಬಗ್ಗೆ ಒಬ್ಬನಿಗೆ ಮಾತ್ರ ಎಚ್ಚರಿಕೆ ಕೊಟ್ಟು, ಅದು ಬಿದ್ದು ಒಬ್ಬ ಸತ್ತರೆ, ಆ ಒಬ್ಬನ ಪಾಲಿಗೆ ದಿಯತ್‌ನ ಐದನೇ ಒಂದು ಭಾಗ ಬರುತ್ತದೆಂದು ಇಮಾಮ್ ಅಬೂಹನೀಫಾರ ಅಭಿಪ್ರಾಯ. ಅವರ ಇಬ್ಬರು ಶಿಷ್ಯರ ಪ್ರಕಾರ ಅರ್ಧ. ಒಬ್ಬನೇ ಇಡೀ ಗೋಡೆ ಕೆಡವಲಾರನಲ್ಲ, ಅವನ ತಪ್ಪೇನು ಎಂದು ಕೇಳಿದರೆ ಉತ್ತರ ಸಿದ್ಧವಿದೆ. ಅವನು ಖಾಝಿಯ ಬಳಿ ಹೋಗಿ ಉಳಿದವರನ್ನು ಕರೆಸಬಹುದಿತ್ತು. ನಮ್ಮ ಅಣ್ಣತಮ್ಮಂದಿರ 'ಇದು ಎಲ್ಲರದು, ನಾನೊಬ್ಬನೇ ಏನು ಮಾಡಲಿ?' ಎಂಬ ಮಾತಿಗೆ ಎಂಟು ಶತಮಾನಗಳ ಹಿಂದೆಯೇ ಬಂದ ಉತ್ತರ ಇದು. ಈ ದೇಶದ ನ್ಯಾಯಾಲಯ ಇಂದು ಹಿದಾಯಾದ ಲೆಕ್ಕದಲ್ಲಿ ದಿಯತ್ ವಿಧಿಸುವುದಿಲ್ಲ ನಿಜ. ಆದರೆ ನಾಳೆ ಅಲ್ಲಾಹನ ಮುಂದೆ ನಿಲ್ಲುವ ನಂಬಿಕೆಯುಳ್ಳವನು ಈ ಐದನೇ ಒಂದು ಭಾಗದ ಅರ್ಥವನ್ನು ಗ್ರಹಿಸಬೇಕು. ಗೋವಾದಲ್ಲಿರುವ ಅಣ್ಣನಿಗೆ ವಾಟ್ಸ್ಯಾಪ್‌ನಲ್ಲಿ ಗೋಡೆಯ ಚಿತ್ರ ಕಳುಹಿಸಿದರೆ ಎಚ್ಚರಿಕೆ ತಲುಪಿದಂತೆಯೇ. ಇಂದಿನ ಕಾಲದಲ್ಲಿ ಸಾಕ್ಷಿಗೂ ಕೊರತೆಯಿಲ್ಲ.

ಸರ್ಕಾರವನ್ನು ಈ ಚರ್ಚೆಯಿಂದ ಹೊರಗಿಡುವುದು ಸರಿಯಲ್ಲ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ ಅಪಾಯಕಾರಿ ಕಟ್ಟಡಗಳ ಮಾಲಕರಿಗೆ ನೋಟಿಸು ಕೊಟ್ಟು ಭದ್ರಪಡಿಸುವ ಅಥವಾ ತೆಗೆಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡಿದೆ. ಹಿದಾಯಾದ ಎಚ್ಚರಿಕೆಗೂ ಈ ನೋಟಿಸಿಗೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಆದರೆ ನೋಟಿಸು ಬಂದರೆ ನಮಗೆ ಅದು ಕಿರುಕುಳವಾಗಿ ಕಾಣುತ್ತದೆ, ವಾರ್ಡಿನ ಸದಸ್ಯರ ಮೂಲಕ ಹೇಳಿಸಿ ತಡೆಹಿಡಿಯುತ್ತೇವೆ. ಇತ್ತ ಸರ್ಕಾರದ ಧೋರಣೆಯಲ್ಲೂ ಒಂದು ವಿಪರ್ಯಾಸವಿದೆ. ವಸತಿ ಯೋಜನೆಗಳ ಗಮನವೆಲ್ಲ ಹೊಸ ಮನೆಯ ಮೇಲೆ, ನೆರೆ ಪರಿಹಾರದ ಗಮನವೆಲ್ಲ ಬಿದ್ದ ಮನೆಯ ಮೇಲೆ. ವಾಲಿರುವ, ಇನ್ನೂ ಬೀಳದಿರುವ ಮನೆಯ ಒಡತಿಯಾದ ಒಬ್ಬ ವಿಧವೆ ತೊಲೆ ಬದಲಿಸಲು ಮೂವತ್ತು ಸಾವಿರ ಕೇಳಿದರೆ ಯಾವ ಮೇಜಿನ ಮುಂದೆ ನಿಲ್ಲಬೇಕು? 2019ರ ನೆರೆಯ ನಂತರದ, ಪೂರ್ತಿ ಬಿದ್ದರೆ 5 ಲಕ್ಷ, ಅಲ್ಪ ಹಾನಿಯಾದರೆ 50 ಸಾವಿರ ಎಂಬ ಲೆಕ್ಕ, ಬಿದ್ದರೆ ಪೂರ್ತಿ ಬೀಳಲಿ ಎಂಬ ಕ್ರೂರ ಆಸೆಯನ್ನು ಬಡವನ ಮನಸ್ಸಿನಲ್ಲಿ ಹುಟ್ಟಿಸುವಂತಿತ್ತು. ನಮ್ಮ ಶಾಸಕರು ವಿಧಾನಸಭೆಯಲ್ಲಿ ಎತ್ತಬೇಕಾದ ಪ್ರಶ್ನೆಯಿದು. ಮತ ಕೇಳಲು ಬರುವವರಿಗೆ ಮಸೀದಿಯ ಕಂಪೌಂಡ್ ಕೇಳುವ ಬದಲು ಇದನ್ನು ಕೇಳಬಾರದೇಕೆ?

ಗೋಡೆ ಗಟ್ಟಿಯಿದ್ದರೂ ಒಳಗಿನ ಗಾಳಿ ಕೊಲ್ಲಬಹುದು. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಸಣ್ಣ ಕೋಣೆಯೊಂದರಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗಿದ ಯುವಕರಲ್ಲಿ ಮೂವರು ಮತ್ತೆ ಏಳಲಿಲ್ಲ. ಗಾಳಿ ಸಾಲದ ಕಡೆ ಇದ್ದಿಲು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಲದಿಂದ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಹೊಗೆ ಕಾಣದ ಕೆಂಡ ಸುರಕ್ಷಿತವೆಂಬ ನಮ್ಮ ತಿಳಿವಳಿಕೆಯೇ ತಲೆಕೆಳಗು. ಮಲಗಿದವನಿಗೆ ಕೆಮ್ಮು ಬರುವುದಿಲ್ಲ, ಎಚ್ಚರವಾಗುವುದಿಲ್ಲ, ನಿದ್ದೆ ಗಾಢವಾಗುತ್ತಾ ಹೋಗುತ್ತದೆ.

ಈ ಸುದ್ದಿ ಓದಿದಾಗ ನನಗೆ ತಟ್ಟನೆ ನೆನಪಾದದ್ದು ಬಾಣಂತಿಯ ಕೋಣೆ. ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಮೇಲೆ ಲೋಬಾನ ಹಾಕುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಇದರಲ್ಲಿ ಹಿಂದೂ-ಮುಸ್ಲಿಮ್ ಎಂಬ ಭೇದವೂ ಇಲ್ಲ. ಹೆರಿಗೆಯಿಂದ ರಕ್ತ ಕಳೆದುಕೊಂಡ ತಾಯಿ ಮತ್ತು ಹತ್ತು ದಿನದ ಕೂಸು ಆ ಗಾಳಿಯನ್ನು ಕುಡಿಯುತ್ತಾರೆ. ಬಾಣಂತಿಗೆ ತಲೆಸುತ್ತು ಬಂದರೆ 'ಗಾಳಿ ಹೊಕ್ಕಿದೆ' ಎಂದು ಇನ್ನಷ್ಟು ಸಂದಿ ಮುಚ್ಚುವ ಅಜ್ಜಿಯರಿಗೆ ಯಾರು ತಿಳಿಹೇಳಬೇಕು? ಅಜ್ಜಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಕೆಂಡವನ್ನು ಹೊರಗೆ ಇಟ್ಟು, ಬೆಚ್ಚಗಿನ ಬಟ್ಟೆ ಹೊದಿಸಿ, ಕಿಟಕಿಯ ಮೇಲಿನ ಒಂದು ಗೇಣು ತೆರೆದಿಟ್ಟರೆ ಆ ಪ್ರೀತಿಗೆ ಕೊರತೆಯಾಗದು. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಟ್ಟು ಕಿಂಡಿ ಮುಚ್ಚುವವರಿಗೂ ಇದೇ ಮಾತು. ಗೀಸರ್ ಬಚ್ಚಲ ಹೊರಗಿರಬೇಕು, ಒಳಗೆ ನಲ್ಲಿ ಮಾತ್ರ ಬರಬೇಕು.

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಅದರೊಳಗಿದ್ದವರ ಸಮೇತ ಸುಟ್ಟುಹೋದ ಸುದ್ದಿ ಬಂದಾಗ, ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ಆರಿಸಿರಿ ಎಂಬ ಅರ್ಥದ ಆದೇಶವನ್ನು ಅವರು ನೀಡಿದ್ದನ್ನು ಬುಖಾರಿಯಲ್ಲಿ ನೋಡುತ್ತೇವೆ. ಇಲಿಯೊಂದು ದೀಪದ ಬತ್ತಿಯನ್ನು ಎಳೆದೊಯ್ದು ಮನೆಯವರನ್ನೇ ಸುಟ್ಟೀತು ಎಂಬಷ್ಟು ಸೂಕ್ಷ್ಮವಾಗಿ ಅವರು ಯೋಚಿಸಿದ್ದರು. ಪಾತ್ರೆ ಮುಚ್ಚುವುದು, ಬಾಗಿಲು ಹಾಕುವುದು, ಮುಸ್ಸಂಜೆಯಲ್ಲಿ ಮಕ್ಕಳನ್ನು ಒಳಗೆ ಕರೆಯುವುದು, ಇವೆಲ್ಲ ಅದೇ ಬೋಧನೆಯ ಭಾಗ. ಗಡ್ಡದ ಉದ್ದದ ಕುರಿತಾದ ಹದೀಸ್‌ಗಳನ್ನು ಕಂಠಪಾಠ ಮಾಡಿಸುವ ನಾವು ಇವುಗಳನ್ನು ಮಕ್ಕಳಿಗೆ ಯಾಕೆ ಕಲಿಸಲಿಲ್ಲ?

ಇಂದಿನ ಬತ್ತಿ ಗ್ಯಾಸಿನ ರಬ್ಬರ್ ಪೈಪು. ಐಎಸ್‌ಐ ಗುರುತಿನ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅದನ್ನೂ ಇಲಿ ಕಡಿಯುತ್ತದೆ. ರಾತ್ರಿ ಒಲೆಯ ಗುಂಡಿಯನ್ನಷ್ಟೇ ಅಲ್ಲದೆ ಸಿಲಿಂಡರಿನ ರೆಗ್ಯುಲೇಟರನ್ನೂ ಬಂದ್ ಮಾಡಬೇಕು. ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡುತ್ತದೆ, ಹಾಸಿಗೆ ಹಾಸಿ ನೆಲದ ಮೇಲೆ ಮಲಗುವ ಮನೆಗಳಲ್ಲಿ ಇದು ಇನ್ನೂ ಅಪಾಯ. ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕುವುದಾಗಲಿ ಆರಿಸುವುದಾಗಲಿ ಕೂಡದು. ಬಾಗಿಲು-ಕಿಟಕಿ ತೆರೆದು ಹೊರಬಂದು 1906ಕ್ಕೆ ಕರೆ ಮಾಡಬೇಕು. ನೋಂದಾಯಿತ ಗ್ರಾಹಕರ ಮನೆಯಲ್ಲಿ ಸಿಲಿಂಡರ್ ಅವಘಡದಿಂದ ಸಾವು ಸಂಭವಿಸಿದರೆ ತೈಲ ಕಂಪೆನಿಗಳ ವಿಮೆಯಲ್ಲಿ ತಲಾ 6 ಲಕ್ಷ ರೂಪಾಯಿವರೆಗೆ ಪರಿಹಾರವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಪೈಸೆಯೂ ಕಟ್ಟಬೇಕಾಗಿಲ್ಲ. ಆದರೆ ಸಂಬಂಧಿಕರ ಹೆಸರಿನ ಸಿಲಿಂಡರ್ ತಂದು ಇಟ್ಟುಕೊಂಡವರ ಪಾಡು ಬೇರೆ. ಇಲ್ಲಿಯೂ ಪ್ರಶ್ನೆ ಹೆಸರಿನದೇ!

ವಿದ್ಯುತ್ತಿನ ವಿಷಯದಲ್ಲಿ ನಮ್ಮ ಅಜಾಗರೂಕತೆಗೆ ಎಣೆಯಿಲ್ಲ. ನಲ್ಲಿಯಲ್ಲಿ ನೀರು ಬಂದ ಕೂಡಲೇ ತೇಪೆ ಹಾಕಿದ ವೈರಿನಿಂದ ಮೋಟಾರು ಚಾಲೂ ಮಾಡಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಪೈಪು ಸರಿಪಡಿಸುವವಳು ಮನೆಯ ಗೃಹಿಣಿ. ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ನೀರು ಕಾದಿದೆಯೇ ಎಂದು ಕೈಯದ್ದಿ ನೋಡುವುದು, ಬಟ್ಟೆ ಒಣಗಿಸುವ ತಂತಿಯನ್ನು ಮೀಟರಿನ ಕಂಬಕ್ಕೇ ಕಟ್ಟುವುದು. ಆ ತಂತಿಗೆ ವಿದ್ಯುತ್ ಹರಿದರೆ ಮೊದಲು ತಾಯಿ, ಅವಳನ್ನು ಎಳೆಯಲು ಹೋದ ಮಗ, ಅವನನ್ನು ಹಿಡಿದ ತಂದೆ, ಹೀಗೆ ಒಬ್ಬರ ಹಿಂದೊಬ್ಬರು. ಬಟ್ಟೆಗೆ ನೈಲಾನ್ ಹಗ್ಗ ಸಾಕು. ಮೀಟರಿನ ಬಳಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸಣ್ಣ ಸಾಧನ ಕೂರಿಸಿದರೆ ದೇಹಕ್ಕೆ ವಿದ್ಯುತ್ ತಗಲಿದ ಕ್ಷಣಾರ್ಧದಲ್ಲಿ ಅದು ಸಂಪರ್ಕ ಕಡಿಯುತ್ತದೆ. ಒಂದು ಹೊತ್ತಿನ ದಾವತ್ತಿನ ಖರ್ಚಿಗಿಂತ ಅದರ ಬೆಲೆ ಕಡಿಮೆ. ಬೀದಿಯ ತಂತಿ ಮನೆಗೆ ತಾಗುತ್ತಿದ್ದರೆ ಹೆಸ್ಕಾಂನ 1912ಕ್ಕೆ ದೂರು ಕೊಡಬಹುದು.

ನೀರು ದಿನವೂ ಬಾರದ ಊರಲ್ಲಿ ಮನೆಗೊಂದು ನೆಲದ ಟಾಕಿ ಇರುವುದು ಸಹಜ. ಅದಕ್ಕೆ ಕಲ್ಲುಹಾಸನ್ನೋ ತಗಡನ್ನೋ ಎಳೆದಿಟ್ಟರೆ ಮುಚ್ಚಿದಂತಾಗುವುದಿಲ್ಲ. ಎರಡು ವರ್ಷದ ಮಗು ಸರಿಸಲಾರದ, ಕೀಲಿ ಹಾಕುವ ಮುಚ್ಚಳ ಬೇಕು. ಹತ್ತಿ ಬೆಳೆಯುವ ಸೀಮೆಯಲ್ಲಿ ಕೀಟನಾಶಕವನ್ನು ತಂಪುಪಾನೀಯದ ಬಾಟಲಿಗೆ ಸುರಿದು ಅಡುಗೆಮನೆಯ ಮಾಡಿನಲ್ಲಿ ಇಡುವ ಚಾಳಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಾವು ಕಚ್ಚಿದರೆ ಮಂತ್ರ-ತಾಯಿತವೆಂದು ಹೊತ್ತು ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಬೇಸಿಗೆಯಲ್ಲಿ ನಮ್ಮವರು ಮಾಳಿಗೆಯ ಮೇಲೆ ಮಲಗುತ್ತಾರೆ. ಎಷ್ಟು ಮಾಳಿಗೆಗಳಿಗೆ ಕುಂಬಿ ಇದೆ? ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ರಾತ್ರಿ ಮಲಗಿದವನು ರಕ್ಷಣೆಯ ಹೊಣೆಯಿಂದ ತಾನೇ ಹೊರಬಿದ್ದವನು ಎಂಬ ಆಶಯದ ಪ್ರವಾದಿ ವಚನ ಅಬೂದಾವೂದ್‌ನಲ್ಲಿದೆ. 'ಎಲ್ಲ ಅಲ್ಲಾಹನ ಇಚ್ಛೆ' ಎಂದು ಗೋಡೆಯ ವಿಷಯದಲ್ಲಿ ಕೈಚೆಲ್ಲುವವರು ಈ ವಚನವನ್ನು ಎದುರಿಗಿಟ್ಟುಕೊಂಡು ಮಾತನಾಡಲಿ.

ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಸಹಜ. ಹನಫೀ ಶಾಸ್ತ್ರದಲ್ಲಿ ವಾಸದ ಮನೆ ಮೂಲಭೂತ ಅಗತ್ಯಗಳಲ್ಲಿ ಒಂದು. ಅದನ್ನು ಹೊಂದಿದ ಮಾತ್ರಕ್ಕೆ ಯಾರೂ ಝಕಾತ್ ಪಡೆಯಲು ಅನರ್ಹರಾಗುವುದಿಲ್ಲ. ಬಡ ವಿಧವೆಯ ಕೈಗೆ ಝಕಾತ್ ಮೊತ್ತವನ್ನು ಅವಳ ಸ್ವಂತದ್ದಾಗಿ ಕೊಟ್ಟರೆ, ಅವಳು ಅದರಿಂದ ತೊಲೆ ಬದಲಿಸಿಕೊಳ್ಳಬಹುದು. ರಮಝಾನ್‌ನಲ್ಲಿ ನೂರು ಮಂದಿಗೆ ಐನೂರು ರೂಪಾಯಿ ಹಂಚುವ ಸಿರಿವಂತರು ಅದೇ ಐವತ್ತು ಸಾವಿರದಲ್ಲಿ ಒಂದೆರಡು ಮಾಳಿಗೆಗಳನ್ನಾದರೂ ಭದ್ರಪಡಿಸಬಹುದು. ಬಾಗಿಲ ಮುಂದೆ ಸಾಲು ನಿಲ್ಲುವುದಿಲ್ಲ, ಭಾವಚಿತ್ರಕ್ಕೂ ಅವಕಾಶವಿಲ್ಲ, ಬಹುಶಃ ಅದೇ ಅಡ್ಡಿ.

ಏಪ್ರಿಲ್ ತಿಂಗಳ ಒಂದು ಶುಕ್ರವಾರ ಪ್ರತಿ ಜಮಾಅತ್ ತನ್ನ ಮೊಹಲ್ಲಾದ ಒಬ್ಬ ಗೌಂಡಿ, ಒಬ್ಬ ಬಡಗಿ, ಒಬ್ಬ ವೈರ್‌ಮನ್‌ನನ್ನು ಕರೆದು ಮನೆಮನೆ ನೋಡಿಸಬಹುದು. ಈ ಮೂರು ಕಸುಬಿನವರು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ಅವರೊಡನೆ ಹೆಣ್ಣುಮಕ್ಕಳೂ ಇರಬೇಕು, ಏಕೆಂದರೆ ಅಡುಗೆಮನೆಯೊಳಗೆ ಹೋಗಿ ಕೇಳಬೇಕಾದವರು ಅವರು. ಪಕ್ಕದ ಮನೆ ಲಿಂಗಾಯತರದ್ದೋ ಕುರುಬರದ್ದೋ ಆಗಿದ್ದರೆ, ಅವರು ಒಪ್ಪಿದರೆ ಅದನ್ನೂ ನೋಡಬೇಕು, ನಡುವಿನ ಗೋಡೆ ಎರಡೂ ಮನೆಗೆ ಒಂದೇ. ವಾಲಿದ ಗೋಡೆಗಳ ಪಟ್ಟಿಯ ಒಂದು ಪ್ರತಿಯನ್ನು ಪುರಸಭೆಗೆ, ಕಿತ್ತೂರಿನಲ್ಲಾದರೆ ಪಟ್ಟಣ ಪಂಚಾಯತಿಗೆ, ಕೊಟ್ಟು ಸ್ವೀಕೃತಿ ಪಡೆಯಬೇಕು. ಇನ್ನೊಂದು ಪ್ರತಿ ಮಸೀದಿಯ ರಿಜಿಸ್ಟರಿನಲ್ಲಿರಲಿ. ಮೂರನೆಯದನ್ನು ಆಯಾ ಮನೆಯ ಎಲ್ಲ ವಾರಸುದಾರರಿಗೆ, ಊರಲ್ಲಿರುವವರಿಗೂ ಊರ ಹೊರಗಿರುವವರಿಗೂ, ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳಿಗೂ ತಪ್ಪದೆ ಕಳುಹಿಸಬೇಕು. ಪಾಲು ಪಡೆಯುವಾಗ ಅವರನ್ನು ಮರೆತವರು ಈ ಪತ್ರದಲ್ಲಾದರೂ ಅವರ ಹೆಸರು ಬರೆಯಲಿ.